ತರಗತಿಯ ತೊಟ್ಟಿಗೆ ಹಳ್ಳದ ಮೀನು

ತೊಟ್ಟಿ ತಂದ ದಿನವೇ ಮೀನು ಬಿಡಬೇಡಿ. ಮರುದಿನವೂ ಬೇಡ, ಮುಂದಿನ ವಾರವೂ ಬೇಡ. ಶಾಲೆಯ ಅಕ್ವೇರಿಯಂನಲ್ಲಿ ಮೀನು ಸಾಯುವುದು ಹೆಚ್ಚಾಗಿ ಈ ಅವಸರದಿಂದಲೇ.

ನಾನು ಎಂಟನೇ ತರಗತಿಗೆ ವಿಜ್ಞಾನ ಪಾಠ ಮಾಡುವವನು. ಮೊದಲ ಸಲ ತೊಟ್ಟಿ ಇಟ್ಟಾಗ ಗಾಜು ತೊಳೆದು, ನೀರು ತುಂಬಿ, ಹಳ್ಳದಿಂದ ತಂದ ಹತ್ತು ಮೀನುಗಳನ್ನು ಅದೇ ಸಂಜೆ ಬಿಟ್ಟೆ. ನೀರು ಕನ್ನಡಿಯಂತಿತ್ತು. ನಾಲ್ಕನೇ ದಿನ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡತೊಡಗಿದವು. ಶನಿವಾರ ಬೆಳಿಗ್ಗೆ ತರಗತಿಯ ಬಾಗಿಲು ತೆಗೆದ ಹುಡುಗಿ ಏನೂ ಹೇಳಲಿಲ್ಲ. ಸ್ಟಾಫ್ ರೂಮಿಗೆ ಬಂದು ನನ್ನ ಅಂಗಿಯ ತೋಳು ಹಿಡಿದು ತೊಟ್ಟಿಯವರೆಗೆ ಕರೆದುಕೊಂಡು ಹೋದಳು. ಒಂದೂ ಉಳಿದಿರಲಿಲ್ಲ. ಆ ಹತ್ತು ಮೀನುಗಳ ಋಣ ನನ್ನ ಮೇಲಿದೆ ಎಂದೇ ಇದನ್ನು ಬರೆಯುತ್ತಿದ್ದೇನೆ.

ಖಾಲಿ ತೊಟ್ಟಿಯ ಆರು ವಾರ

ಮೀನು ಉಸಿರಾಡುವಾಗ ಕಿವಿರಿನಿಂದ ಅಮೋನಿಯ ಹೊರಗೆ ಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅಮೋನಿಯ. ಹಳ್ಳದಲ್ಲಾದರೆ ಅದು ಹರಿದು ಹೋಗುತ್ತದೆ, ತೊಟ್ಟಿಯಲ್ಲಿ ಹೋಗಲು ದಾರಿಯಿಲ್ಲ. ಕಣ್ಣಿಗೆ ಕಾಣದ, ಮೂಗಿಗೂ ತಿಳಿಯದಷ್ಟು ಅಮೋನಿಯ ಸಾಕು, ಕಿವಿರು ಸುಟ್ಟಂತಾಗುತ್ತದೆ. ಇದನ್ನು ತಿಂದು ಬದುಕುವ ಬ್ಯಾಕ್ಟೀರಿಯಗಳಿವೆ. ಒಂದು ಗುಂಪು ಅಮೋನಿಯವನ್ನು ನೈಟ್ರೈಟ್ ಮಾಡುತ್ತದೆ, ಅದೂ ಮೀನಿಗೆ ವಿಷವೇ. ಇನ್ನೊಂದು ಗುಂಪು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ನೈಟ್ರೇಟಿನಿಂದ ಅಷ್ಟು ಅಪಾಯವಿಲ್ಲ. ಗಿಡಗಳು ಅದನ್ನು ಹೀರಿಕೊಳ್ಳುತ್ತವೆ, ಉಳಿದದ್ದು ನಾವು ವಾರವಾರ ಬದಲಿಸುವ ನೀರಿನ ಜೊತೆ ಹೋಗುತ್ತದೆ. ಈ ಎರಡು ಗುಂಪುಗಳೂ ಹೊಸ ತೊಟ್ಟಿಯಲ್ಲಿ ಬೇರೂರಲು ನಾಲ್ಕರಿಂದ ಆರು ವಾರ ಬೇಕು. ಅವುಗಳ ಮನೆ ನೀರಿನಲ್ಲಲ್ಲ, ಫಿಲ್ಟರಿನ ಸ್ಪಂಜಿನಲ್ಲಿ, ಕಲ್ಲಿನ ಮೇಲೆ, ಗಾಜಿನ ಮೇಲೆ.

ಹಾಗಾಗಿ ತೊಟ್ಟಿಯನ್ನು ಪೂರ್ತಿ ಅಣಿ ಮಾಡಿ. ಮರಳು, ಕಲ್ಲು, ಗಿಡ, ಏರ್ ಪಂಪಿಗೆ ಜೋಡಿಸಿದ ಸ್ಪಂಜ್ ಫಿಲ್ಟರ್ ಎಲ್ಲ ಇರಲಿ, ಮೀನೊಂದು ಬೇಡ. ದಿನವೂ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಹೋಗಿ. ಅದು ಕೊಳೆತು ಬರುವ ಅಮೋನಿಯವೇ ಬ್ಯಾಕ್ಟೀರಿಯಗಳಿಗೆ ಊಟ. ಹನಿ ಹಾಕಿ ಬಣ್ಣ ನೋಡುವ ಪರೀಕ್ಷಾ ಕಿಟ್ ಒಂದನ್ನು ತರಿಸಿಕೊಳ್ಳಿ. ಬೇರೆ ಯಾವುದರಲ್ಲಿ ಉಳಿಸಿದರೂ ಇದರಲ್ಲಿ ಉಳಿಸಬೇಡಿ. ಎರಡು ದಿನಕ್ಕೊಮ್ಮೆ ಮಕ್ಕಳೇ ಅಮೋನಿಯ, ನೈಟ್ರೈಟ್, ನೈಟ್ರೇಟ್ ಅಳೆದು ಗೋಡೆಯ ಮೇಲಿನ ಗ್ರಾಫಿನಲ್ಲಿ ಚುಕ್ಕಿ ಇಡಲಿ. ಮೊದಲು ಅಮೋನಿಯದ ಗೆರೆ ಏರುತ್ತದೆ. ಅದು ಇಳಿಯುವಾಗ ನೈಟ್ರೈಟ್ ಏರುತ್ತದೆ. ಕೊನೆಗೆ ಎರಡೂ ಸೊನ್ನೆಗೆ ಬಂದು ನೈಟ್ರೇಟ್ ಮಾತ್ರ ಉಳಿಯುತ್ತದೆ. ಆಹಾರ ಹಾಕಿದ ಮರುದಿನವೂ ಮೊದಲೆರಡು ಸೊನ್ನೆಯಲ್ಲೇ ಇದ್ದು, ಒಂದು ವಾರ ಹಾಗೆಯೇ ನಿಂತರೆ ತೊಟ್ಟಿ ಸಿದ್ಧ. "ಸಾರ್, ಮೀನು ಯಾವಾಗ?" ಎಂದು ಮಕ್ಕಳು ದಿನಕ್ಕೆ ಹತ್ತು ಸಲ ಕೇಳುತ್ತಾರೆ. ಕೈ ತೋರಿಸಿ ಗ್ರಾಫಿನ ಕಡೆ ಕಳಿಸಿ. ಮೂರನೇ ವಾರಕ್ಕೆ ಅವರೇ ಒಬ್ಬರಿಗೊಬ್ಬರು ಹೇಳತೊಡಗುತ್ತಾರೆ, "ನೈಟ್ರೈಟ್ ಇನ್ನೂ ಇಳಿದಿಲ್ಲ ಕಣೋ."

ಯಾರಾದರೂ ಪರಿಚಯದವರ ಬಳಿ ರೋಗವಿಲ್ಲದ ಹಳೆಯ ತೊಟ್ಟಿ ಇದ್ದರೆ ಅದರ ಸ್ಪಂಜಿನ ಒಂದು ತುಂಡು ಕೇಳಿ ತನ್ನಿ. ಒದ್ದೆ ಆರದಂತೆ, ಅದೇ ತೊಟ್ಟಿಯ ನೀರಿನಲ್ಲಿ ಮುಳುಗಿಸಿ ತಂದು ನಿಮ್ಮ ಫಿಲ್ಟರಿನ ಪಕ್ಕದಲ್ಲಿಟ್ಟರೆ ಆರು ವಾರ ಎರಡು ಮೂರು ವಾರಕ್ಕೆ ಇಳಿಯುವುದುಂಟು. ಆಗಲೂ ಕಿಟ್ಟಿನ ಬಣ್ಣ ನೋಡಿಯೇ ನಂಬಿ.

ಜಾಗ ಮತ್ತು ನೀರು

60 ಸೆಂ.ಮೀ. ಉದ್ದ, 30 ಅಗಲ, 30 ಎತ್ತರದ ತೊಟ್ಟಿ ತರಗತಿಗೆ ಸಾಕು. ಅಂಚಿನವರೆಗೆ 54 ಲೀಟರ್ ಹಿಡಿಯುತ್ತದೆ. ನೀರು, ಮರಳು, ಗಾಜು ಸೇರಿದರೆ 65-70 ಕೆ.ಜಿ. ಭಾರ ಎಂದು ಲೆಕ್ಕ ಹಾಕಿ. ಅಲ್ಲಾಡುವ ಡೆಸ್ಕಿನ ಮೇಲೆ ಇಡಬೇಡಿ. ತಳಕ್ಕೆ ತೆಳು ಥರ್ಮೋಕೋಲ್ ಹಾಳೆ ಹಾಸಿದರೆ ಉಬ್ಬುತಗ್ಗಿನಿಂದ ಗಾಜು ಬಿರಿಯುವುದಿಲ್ಲ. ಗೋಲಿಯಾಕಾರದ ಬೌಲುಗಳನ್ನು ಯಾರಾದರೂ ಉಡುಗೊರೆ ಕೊಟ್ಟರೆ ಪೆನ್ಸಿಲ್ ಇಡಲು ಬಳಸಿ, ಮೀನಿಗೆ ಬೇಡ.

ಕಿಟಕಿಯ ನೇರ ಬಿಸಿಲು ಬಿದ್ದರೆ ವಾರದೊಳಗೆ ಪಾಚಿ ಕಟ್ಟುತ್ತದೆ, ನೀರೂ ಕಾಯುತ್ತದೆ. ತಗಡಿನ ಮಾಡಿನ ಕೊಠಡಿಯಾದರೆ ಬೇಸಿಗೆಯಲ್ಲಿ ಇನ್ನೂ ಎಚ್ಚರ ಬೇಕು. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು ಏಳೂವರೆಗೆ ಇಳಿಯುತ್ತದೆ. ನಮ್ಮ ನೀರಿನ ಮೀನುಗಳಿಗೆ ಹೀಟರ್ ಬೇಕಿಲ್ಲ, ನೆರಳು ಬೇಕು. ದೀಪ ದಿನಕ್ಕೆ ಎಂಟು ಗಂಟೆ ಸಾಕು.

ವಿದ್ಯುತ್ತಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಇಲ್ಲದಿದ್ದರೆ ಕರೆಂಟ್ ಹೋದಾಗ ನೀರು ಕೊಳವೆಯೊಳಗೆ ಹಿಂದಕ್ಕೆ ಹರಿದು ಪಂಪಿಗೆ ಇಳಿಯುತ್ತದೆ. ವೈರು ಪ್ಲಗ್ಗಿಗೆ ಹೋಗುವ ಮೊದಲು ಒಮ್ಮೆ ಕೆಳಗೆ ಜೋತು ಮೇಲೇರಲಿ, ವೈರಿನ ಗುಂಟ ಇಳಿದ ಹನಿ ಅಲ್ಲೇ ತೊಟ್ಟಿಕ್ಕುತ್ತದೆ. ನೀರಿಗೆ ಕೈ ಹಾಕುವ ಮುಂಚೆ ಸ್ವಿಚ್ ಆಫ್. ಕೈಯಲ್ಲಿ ಗಾಯವಿದ್ದವರು ಕೈ ಹಾಕುವಂತಿಲ್ಲ, ಕೈ ಹಾಕಿದವರು ಆಮೇಲೆ ಸೋಪಿನಲ್ಲಿ ತೊಳೆಯಲೇಬೇಕು.

ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ. ಅಗಲ ಬಾಯಿಯ ಬಕೆಟ್ಟಿನಲ್ಲಿ ಒಂದೆರಡು ದಿನ ತೆರೆದಿಟ್ಟರೆ ಕ್ಲೋರಿನ್ ಹಾರಿಹೋಗುತ್ತದೆ. ಕೊಳವೆಬಾವಿ ನೀರಿಗೆ ಕ್ಲೋರಿನ್ನಿನ ಕಾಟವಿಲ್ಲ, ಆದರೆ ನೆಲದೊಳಗಿಂದ ಆಗಷ್ಟೇ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ, ಇಂಗಾಲದ ಡೈಆಕ್ಸೈಡ್ ಜಾಸ್ತಿ. ಅದನ್ನೂ ರಾತ್ರಿಯಿಡೀ ಬಿಟ್ಟು, ಗಾಳಿ ಆಡಿಸಿಯೇ ಬಳಸಿ. ಕೊಳವೆಬಾವಿ ನೀರು ಗಡಸಾಗಿದ್ದು ಪಿಎಚ್ ಎಂಟರ ಹತ್ತಿರ ಇರಬಹುದು. ಪಿಎಚ್ ಏಳರ ನೀರಿಗಿಂತ ಎಂಟರ ನೀರಿನಲ್ಲಿ ಅದೇ ಪ್ರಮಾಣದ ಅಮೋನಿಯ ಹತ್ತಿರ ಹತ್ತಿರ ಹತ್ತು ಪಟ್ಟು ವಿಷ. ಗಡಸು ನೀರಿನವರು ಮೀನಿನ ಸಂಖ್ಯೆಯಲ್ಲಿ ಇನ್ನಷ್ಟು ಬಿಗಿ ಹಿಡಿಯಬೇಕು ಎನ್ನುವುದು ಇದಕ್ಕೇ.

ಕಲ್ಲು ಹಾಕುವ ಮುಂಚೆ ಲ್ಯಾಬಿನ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದ ಎರಡು ಹನಿ ಬಿಟ್ಟು ನೋಡಿ. ನೊರೆ ಬಂದರೆ ಸುಣ್ಣದ ಕಲ್ಲು, ಬೇಡ. ಮರಳನ್ನು ತಿಳಿನೀರು ಬರುವ ತನಕ ತೊಳೆಯಿರಿ. ಗಿಡಕ್ಕೆ ಹೈಡ್ರಿಲ್ಲಾ ಸಾಕು, ಕೆರೆಯಂಚಿನಲ್ಲಿ ಧಾರಾಳವಾಗಿ ಸಿಗುತ್ತದೆ. ತಂದ ಗಿಡವನ್ನು ಒಂದು ವಾರ ಬೇರೆ ಬಕೆಟ್ಟಿನಲ್ಲಿಟ್ಟು ದಿನವೂ ಎಲೆ ಎಲೆ ನೋಡಿ. ಇದನ್ನು ಅಸಡ್ಡೆ ಮಾಡಿ ಒಮ್ಮೆ ನಾನು ಏರೋಪ್ಲೇನ್ ಚಿಟ್ಟೆಯ ಮರಿಯನ್ನು ತೊಟ್ಟಿಗೆ ಬಿಟ್ಟುಕೊಂಡಿದ್ದೆ. ಕಂದು ಬಣ್ಣದ, ಕಸದ ಚೂರಿನಂತೆ ಕೂತಿದ್ದ ಆ ಹುಳು ಮುಖದಡಿ ಮಡಚಿಟ್ಟ ತುಟಿಯನ್ನು ಚಂಗನೆ ಚಾಚಿ ಮೀನಿನ ಮರಿಯೊಂದನ್ನು ಹಿಡಿದದ್ದನ್ನು ಇಡೀ ತರಗತಿ ಕಂಡಿತು. ಆ ದಿನ ಪಾಠ ಚೆನ್ನಾಗಿಯೇ ಆಯಿತು, ಮರಿಗಳು ಮಾತ್ರ ವಾರದಲ್ಲಿ ಅರ್ಧಕ್ಕರ್ಧ ಖಾಲಿಯಾದವು.

ಯಾವ ಮೀನು

ಸ್ಥಳೀಯ ಮೀನೇ ಯಾಕೆ ಎಂದು ಸಹೋದ್ಯೋಗಿಗಳು ಕೇಳುತ್ತಾರೆ, ಅಂಗಡಿಯಲ್ಲಿ ಬಣ್ಣಬಣ್ಣದ್ದು ಸಿಗುತ್ತದಲ್ಲ ಎನ್ನುತ್ತಾರೆ. ಗೋಲ್ಡ್‌ಫಿಶ್ ನೋಡಿದ ಮಗು ಗೋಲ್ಡ್‌ಫಿಶ್ ನೋಡುತ್ತದೆ, ಅಷ್ಟೇ. ಹಳ್ಳದ ಮೀನನ್ನು ತೊಟ್ಟಿಯಲ್ಲಿ ತಿಂಗಳುಗಟ್ಟಲೆ ನೋಡಿದ ಮಗು ಮನೆಗೆ ಹೋಗುವಾಗ ಸೇತುವೆಯ ಮೇಲೆ ನಿಂತು ಕೆಳಗೆ ಬಗ್ಗುತ್ತದೆ. ಹಳ್ಳಕ್ಕೆ ಕಸ ಸುರಿದವರ ಮೇಲೆ ಅದಕ್ಕೆ ಸಿಟ್ಟು ಬರುತ್ತದೆ, ಏಕೆಂದರೆ ಅಲ್ಲಿ ಯಾರಿದ್ದಾರೆ ಎಂದು ಅದಕ್ಕೆ ಗೊತ್ತು.

ನನ್ನ ಮೊದಲ ಆಯ್ಕೆ ಪಟ್ಟೆ ಪ್ಯಾಂಚಾಕ್ಸ್, ವೈಜ್ಞಾನಿಕ ಹೆಸರು ಅಪ್ಲೊಕೈಲಸ್ ಲಿನಿಯೇಟಸ್. ಗದ್ದೆಯ ಕಾಲುವೆ, ಹಳ್ಳ, ಕೆರೆಯಂಚು, ಹಳೆಯ ಬಾವಿ ಎಲ್ಲೆಂದರಲ್ಲಿ ಇರುತ್ತದೆ. ಚಪ್ಪಟೆ ತಲೆ, ಮೇಲಕ್ಕೆ ತಿರುಗಿದ ಬಾಯಿ, ಬಹಳ ಹಿಂದೆ ಬಾಲದ ಹತ್ತಿರ ಬೆನ್ನಿನ ರೆಕ್ಕೆ. ನಡುನೆತ್ತಿಯ ಮೇಲೆ ಒಂದು ಬಿಳಿ ಚುಕ್ಕೆ ನಕ್ಷತ್ರದಂತೆ ಹೊಳೆಯುತ್ತದೆ. ನೀರಿನ ಮೇಲ್ಮೈಗೆ ತಾಗಿಕೊಂಡೇ ನಿಂತು ಮೇಲೆ ನೋಡುವ ಇದರ ಜಾತಿಗೆ ಮಲಯಾಳದವರು ಇಟ್ಟ ಹೆಸರು 'ಮಾನತ್ತುಕಣ್ಣಿ', ಬಾನಿಗೆ ಕಣ್ಣು ನೆಟ್ಟದ್ದು ಎಂದು. ಸೊಳ್ಳೆ ಮರಿಯೆಂದರೆ ಪ್ರಾಣ. ಗಂಡಿಗೆ ಮೈತುಂಬ ಹೊಂಬಣ್ಣದ ಚುಕ್ಕೆ ಸಾಲು, ಹೆಣ್ಣಿಗೆ ಅಡ್ಡಪಟ್ಟೆ ಎದ್ದು ಕಾಣುತ್ತದೆ, ಬೆನ್ನಿನ ರೆಕ್ಕೆಯ ಬುಡದಲ್ಲಿ ಕಪ್ಪು ಮಚ್ಚೆ. ಒಂದು ಗಂಡಿಗೆ ಎರಡು ಹೆಣ್ಣು ಇರಲಿ. 10 ಸೆಂ.ಮೀ. ವರೆಗೆ ಬೆಳೆಯುವ, ಬಾಯಿಗೆ ಹಿಡಿಸಿದ್ದನ್ನೆಲ್ಲ ನುಂಗುವ ಮೀನು ಇದು. ಜೊತೆಗೆ ತೀರಾ ಚಿಕ್ಕ ಮೀನು ಬಿಡಬೇಡಿ. ಹಾರುವುದರಲ್ಲಿಯೂ ಗಟ್ಟಿಗ. ಮುಚ್ಚಳದಲ್ಲಿ ಎರಡು ಬೆರಳು ಅಗಲದ ಸಂದಿ ಬಿಟ್ಟರೂ ಬೆಳಿಗ್ಗೆ ನೆಲದ ಮೇಲೆ ಒಣಗಿ ಬಿದ್ದಿರುತ್ತದೆ.

ನಡುನೀರಿಗೆ ಟಿಕ್ಟೋ ಬಾರ್ಬ್, ಪೆಥಿಯಾ ಟಿಕ್ಟೋ. ಬೆಳ್ಳಿ ಮೈಗೆ ಎರಡು ಕಪ್ಪು ಚುಕ್ಕೆ, ಒಂದು ಕಿವಿರಿನ ಹಿಂದೆ, ಇನ್ನೊಂದು ಬಾಲದ ಹತ್ತಿರ. ಬೆದೆಗೆ ಬಂದ ಗಂಡಿನ ಪಕ್ಕೆಗೆ ಕುಂಕುಮ ಸವರಿದಂಥ ಕೆಂಪು. 1822ರಲ್ಲೇ ಫ್ರಾನ್ಸಿಸ್ ಹ್ಯಾಮಿಲ್ಟನ್ ಎಂಬ ಸ್ಕಾಟಿಷ್ ನಿಸರ್ಗವಿಜ್ಞಾನಿ ಇದನ್ನು ವಿವರಿಸಿದ್ದಾನೆ. ಆರು ಮೀನಿನ ಗುಂಪಿಗಿಂತ ಕಡಿಮೆ ಇಟ್ಟರೆ ಮೂಲೆ ಸೇರಿ ಬೆದರಿರುತ್ತದೆ.

ತಳಕ್ಕೆ ಒಂದೆರಡು ಮರಳು ಲೋಚ್, ಲೆಪಿಡೊಸೆಫಲಿಕ್ಥಿಸ್ ಥರ್ಮಾಲಿಸ್. ಮರಳು ಮೆದುವಾಗಿದ್ದರೆ ಮೈಯನ್ನು ಹೂತು ಕಣ್ಣು ಮಾತ್ರ ಹೊರಗಿಟ್ಟು ಕೂರುತ್ತದೆ. ಮಕ್ಕಳಿಗೆ ಅದನ್ನು ಹುಡುಕುವುದೇ ಬೆಳಗಿನ ಮೊದಲ ಕೆಲಸ. ಕಣ್ಣಿನ ಕೆಳಗೆ ಎದ್ದು ನಿಲ್ಲುವ ಸಣ್ಣ ಮುಳ್ಳಿದೆ, ಬಲೆಗೆ ಸಿಕ್ಕಿಕೊಳ್ಳುತ್ತದೆ. ಇದನ್ನು ಬಲೆಯಲ್ಲಿ ಎತ್ತದೆ ಲೋಟದಲ್ಲಿ ಹಿಡಿಯಿರಿ.

ಮೂರು ಪ್ಯಾಂಚಾಕ್ಸ್, ಆರು ಟಿಕ್ಟೋ, ಎರಡು ಲೋಚ್. 54 ಲೀಟರಿಗೆ ಇಷ್ಟೇ. ಇನ್ನೊಂದು ನಾಲ್ಕು ಹಿಡಿಸುತ್ತದೆ ಎಂದು ಕಣ್ಣಿಗೆ ಅನ್ನಿಸುತ್ತದೆ, ಕಣ್ಣಿನ ಮಾತು ಕೇಳಬೇಡಿ. ಒಮ್ಮೆಲೇ ಬಿಡಬೇಡಿ ಕೂಡ. ಟಿಕ್ಟೋಗಳನ್ನು ಮೊದಲು ಬಿಟ್ಟು, ಎರಡು ವಾರ ಕಿಟ್ಟಿನಲ್ಲಿ ಸೊನ್ನೆ ಕಂಡ ಮೇಲೆ ಉಳಿದವು.

ಬೇಡದ ಮೀನುಗಳ ಪಟ್ಟಿಯೂ ಗೊತ್ತಿರಬೇಕು. ಚೇಳು ಮೀನಿನ ಕೆನ್ನೆ ಪಕ್ಕದ ರೆಕ್ಕೆಮುಳ್ಳಿನಲ್ಲಿ ವಿಷವಿದೆ, ಮಕ್ಕಳ ಕೈಗೆ ಸಿಗಕೂಡದು. ಕೊರವನ ಮರಿ ಮುದ್ದಾಗಿರುತ್ತದೆ, ನಾಲ್ಕು ತಿಂಗಳಲ್ಲಿ ಉಳಿದವನ್ನೆಲ್ಲ ಮುಗಿಸುತ್ತದೆ. ಮಹಶೀರ್ ಮರಿ ಹೊಳೆಯಲ್ಲಿಯೇ ಇರಲಿ, ಅದು ಆಳೆತ್ತರಕ್ಕೆ ಬೆಳೆಯುವ ಜೀವ. ಪಶ್ಚಿಮ ಘಟ್ಟದ ಹೊಳೆಗಳ ಕೆಂಪುಗೆರೆಯ ಡೆನಿಸನ್ ಬಾರ್ಬ್ ಅಳಿವಿನಂಚಿನಲ್ಲಿದೆ. 1865ರಲ್ಲಿ ಮೀನುವಿಜ್ಞಾನಿ ಫ್ರಾನ್ಸಿಸ್ ಡೇ ಲೋಕಕ್ಕೆ ಪರಿಚಯಿಸಿದ ಈ ಮೀನನ್ನು ಅಕ್ವೇರಿಯಂ ವ್ಯಾಪಾರಕ್ಕಾಗಿ ವಿಪರೀತ ಹಿಡಿದದ್ದೂ ಅದರ ಇಂದಿನ ಸ್ಥಿತಿಗೆ ಒಂದು ಕಾರಣ. ದಕ್ಷಿಣ ಕನ್ನಡದ ಹೊಳೆಗಳಲ್ಲಿ ಇರುವ ಎಟ್ರೋಪ್ಲಸ್ ಕೆನರೆನ್ಸಿಸ್ ಎಂಬ ಮೀನು ಕೂಡ ಹಾಗೆಯೇ, ಮುಟ್ಟಬೇಡಿ.

ಹಳ್ಳದಲ್ಲಿ ಸಿಕ್ಕಿದ್ದೆಲ್ಲ ನಮ್ಮದಲ್ಲ ಎನ್ನುವುದನ್ನೂ ಮಕ್ಕಳಿಗೆ ತೋರಿಸಿ. ಮಲೇರಿಯ ತಡೆಯಲೆಂದು ಬಿಟ್ಟ ಗ್ಯಾಂಬೂಸಿಯ ಉತ್ತರ ಅಮೆರಿಕದ್ದು, ಗಪ್ಪಿ ದಕ್ಷಿಣ ಅಮೆರಿಕದ್ದು. ಎಲ್ಲರೂ ಜಿಲೇಬಿ ಎಂದು ಕರೆಯುವ ತಿಲಾಪಿಯ ಆಫ್ರಿಕದಿಂದ 1952ರಲ್ಲಿ ಬಂದದ್ದು. ಗ್ಯಾಂಬೂಸಿಯವನ್ನು ಪ್ಯಾಂಚಾಕ್ಸ್ ಎಂದು ತಪ್ಪು ತಿಳಿಯುವವರು ತುಂಬ. ನೆತ್ತಿಯ ಚುಕ್ಕೆ ಹುಡುಕಿ, ಅನುಮಾನ ಹೋಗುತ್ತದೆ.

ಒಂದು ಕೆಲಸ ತಪ್ಪದೆ ಮಾಡಿಸಿ. ಮಕ್ಕಳು ಮನೆಯಲ್ಲಿ ಅಜ್ಜ ಅಜ್ಜಿಯರನ್ನು ಕೇಳಿ ಪ್ರತಿ ಮೀನಿನ ಹೆಸರು ಬರೆದುಕೊಂಡು ಬರಲಿ. ಒಂದೇ ಮೀನಿಗೆ ನಮ್ಮ ತರಗತಿಯಲ್ಲಿ ಐದು ಹೆಸರು ಬಂದವು. ಎರಡು ನಾನು ಕೇಳಿಯೇ ಇರಲಿಲ್ಲ. ಐದನ್ನೂ ತೊಟ್ಟಿಯ ಮೇಲೆ ಚೀಟಿಯಲ್ಲಿ ಬರೆದು ಅಂಟಿಸಿದ್ದೇವೆ, ಲ್ಯಾಟಿನ್ ಹೆಸರು ಆರನೆಯದು.

ಹಿಡಿದು ತರುವುದು

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನ ನೀರಿನಿಂದ ಏನನ್ನೂ ತೆಗೆಯುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಅಲ್ಲಿ ಅನ್ವಯಿಸುತ್ತದೆ. ಊರ ಕೆರೆಯ ಮೀನುಗಾರಿಕೆ ಗುತ್ತಿಗೆಗೆ ಹೋಗಿದ್ದರೆ ಗುತ್ತಿಗೆದಾರರನ್ನು ಕೇಳಿ. ಮೊಣಕಾಲಿಗಿಂತ ಆಳಕ್ಕೆ ಮಕ್ಕಳನ್ನು ಇಳಿಸಬೇಡಿ, ಮನೆಯವರ ಒಪ್ಪಿಗೆ ಇರಲಿ. ಮಳೆಗಾಲದ ಮೊದಲ ನೀರಿನಲ್ಲಿ ಹಿಡಿಯಬೇಡಿ, ಆಗ ಮೊಟ್ಟೆಯಿಡಲು ಮೇಲಕ್ಕೆ ಹತ್ತುತ್ತಿರುತ್ತವೆ. ಮಳೆ ನಿಂತು ನೀರು ತಿಳಿಯಾದ ಮೇಲೆ ಹೋಗಿ. ಬೇಕಾದದ್ದು ಹನ್ನೊಂದು ಮೀನು. ಬಲೆಯಲ್ಲಿ ಮೂವತ್ತು ಬಂದರೆ ಹತ್ತೊಂಬತ್ತನ್ನು ಆ ಕ್ಷಣವೇ, ಅದೇ ಜಾಗದಲ್ಲಿ ಬಿಡಿ.

ಮೀನನ್ನು ಕೈಯಲ್ಲಿ ಹಿಡಿಯಬಾರದು, ಮೈಮೇಲಿನ ಲೋಳೆ ಹೋದರೆ ರೋಗಕ್ಕೆ ಬಾಗಿಲು ತೆರೆದಂತೆ. ಚೀಲಕ್ಕೆ ಮೂರನೇ ಒಂದು ಭಾಗ ಹಳ್ಳದ ನೀರು, ಉಳಿದದ್ದು ಗಾಳಿ. ತಂದವನ್ನು ನೇರವಾಗಿ ತೊಟ್ಟಿಗೆ ಬಿಡದೆ ಗಾಳಿ ಆಡಿಸಿದ ಬೇರೊಂದು ಟಬ್ಬಿನಲ್ಲಿ ಮೂರು ವಾರ ಇಟ್ಟು ನೋಡಿ. ಮೈಮೇಲೆ ದಾರದ ಎಳೆಯಂತೆ ಜೋತಾಡುವ ಹುಳು, ಉಪ್ಪು ಚೆಲ್ಲಿದಂಥ ಬಿಳಿ ಚುಕ್ಕೆ, ಗೋರಂಟಿ ಕಲೆಯಂತೆ ಅಂಟಿದ ಹೇನು ಕಂಡರೆ ಅದು ವಾಸಿಯಾಗುವ ತನಕ ತೊಟ್ಟಿಗೆ ಇಲ್ಲ. ಆ ಟಬ್ಬಿಗೂ ಪಳಗಿದ, ಅಂದರೆ ಬ್ಯಾಕ್ಟೀರಿಯ ಬೇರೂರಿದ ಸ್ಪಂಜು ಬೇಕು ಎನ್ನುವುದನ್ನು ಮರೆಯಬೇಡಿ. ತೊಟ್ಟಿ ಪಳಗುವಾಗ ಎರಡು ಸ್ಪಂಜು ಹಾಕಿ, ಒಂದನ್ನು ಟಬ್ಬಿಗೆ ಇಳಿಸಿದರಾಯಿತು. ಬಿಡುವ ದಿನ ಅರ್ಧ ಗಂಟೆಯ ಹೊತ್ತು, ಐದು ನಿಮಿಷಕ್ಕೊಂದು ಲೋಟದಂತೆ ತೊಟ್ಟಿಯ ನೀರನ್ನು ಮೀನಿರುವ ಪಾತ್ರೆಗೆ ಸೇರಿಸುತ್ತಾ ಹೋಗಿ.

ನಲವತ್ತು ಕೈಗಳು

ತರಗತಿಯ ಮೀನಿಗೆ ಹಸಿವಿನ ಭಯವಿಲ್ಲ, ಪ್ರೀತಿಯ ಭಯ. ನಲವತ್ತು ಮಕ್ಕಳು ಒಂದೊಂದು ಚೂರು ಹಾಕಿದರೆ ಸಂಜೆಯ ಹೊತ್ತಿಗೆ ತೊಟ್ಟಿ ಕೊಳೆಯುತ್ತದೆ. ನಾವು ಮಾಡುವುದು ಹೀಗೆ. ಸೋಮವಾರ ಬೆಳಿಗ್ಗೆ ಆರು ಪುಟ್ಟ ಡಬ್ಬಿಗಳಲ್ಲಿ ಆರು ದಿನದ ಆಹಾರ ಅಳೆದಿಡುತ್ತೇವೆ, ಒಂದೊಂದರಲ್ಲಿ ಎರಡು ನಿಮಿಷದಲ್ಲಿ ಮೀನು ಮುಗಿಸುವಷ್ಟೇ. ಡಬ್ಬಿಯ ಮೇಲೆ ವಾರದ ಹೆಸರು, ಆ ದಿನದ ಹುಡುಗ ಅಥವಾ ಹುಡುಗಿಯ ಹೆಸರು. ದೊಡ್ಡ ಪೊಟ್ಟಣ ಬೀರುವಿನಲ್ಲಿ ಬೀಗದೊಳಗೆ. ಡಬ್ಬಿ ಖಾಲಿ ಇದ್ದರೆ ಊಟ ಆಗಿದೆ ಎಂದರ್ಥ, ಯಾರೂ ಯಾರನ್ನೂ ಕೇಳಬೇಕಿಲ್ಲ. ಭಾನುವಾರ ಉಪವಾಸ, ಅದರಿಂದ ಒಳ್ಳೆಯದೇ ಆಗುತ್ತದೆ.

ಒಣ ಆಹಾರವನ್ನೇ ನೆಚ್ಚಬೇಡಿ. ವಾರದಲ್ಲಿ ಎರಡು ದಿನ ನೀರು ಚಿಗಟ (ಡ್ಯಾಫ್ನಿಯ ಎಂಬ ಪುಟ್ಟ ನೀರುಜೀವಿ) ಕೊಡಿ, ಬಿಸಿಲಿಗಿಟ್ಟ ಹಸಿರು ನೀರಿನ ಬಕೆಟ್ಟಿನಲ್ಲಿ ಸಲೀಸಾಗಿ ಬೆಳೆಯುತ್ತದೆ. ಆ ಬಕೆಟ್ಟಿಗೆ ತೆಳು ಬಟ್ಟೆ ಬಿಗಿದು ಕಟ್ಟಲೇಬೇಕು. ಸೊಳ್ಳೆ ಮರಿ ಒಳ್ಳೆಯ ಆಹಾರ ನಿಜ, ಆದರೆ ಡೆಂಗಿ ಹರಡುವ ಸೊಳ್ಳೆಯೂ ಅಂಥ ಬಕೆಟ್ಟಿನಲ್ಲೇ ಹುಟ್ಟುವುದು. ಶಾಲೆಯಲ್ಲಿ ಸೊಳ್ಳೆ ಸಾಕುವ ಕೆಲಸಕ್ಕೆ ನಾನು ಕೈ ಹಾಕುವುದಿಲ್ಲ. ಎಲ್ಲಾದರೂ ಹೂಕುಂಡದಡಿಯಲ್ಲಿ ಮರಿ ಕಂಡರೆ ಸೋಸಿ ತಂದು ಹಾಕುತ್ತೇವೆ.

ವಾರಕ್ಕೊಮ್ಮೆ ನಾಲ್ಕನೇ ಒಂದು ಭಾಗ ನೀರು ಬದಲಿಸಿ. ಪೈಪನ್ನು ಬಾಯಲ್ಲಿ ಎಳೆಯುವ ಅಭ್ಯಾಸ ಬೇಡ. ಪೈಪಿಡೀ ನೀರು ತುಂಬಿ, ಎರಡೂ ತುದಿ ಬೆರಳಿನಿಂದ ಮುಚ್ಚಿ, ಒಂದನ್ನು ತೊಟ್ಟಿಯಲ್ಲಿ ಮುಳುಗಿಸಿ ಇನ್ನೊಂದನ್ನು ಕೆಳಗಿನ ಬಕೆಟ್ಟಿನಲ್ಲಿ ಬಿಟ್ಟರೆ ತಾನೇ ಹರಿಯುತ್ತದೆ. ತಿಂಗಳಿಗೊಮ್ಮೆ ಸ್ಪಂಜನ್ನು ಹೀಗೆ ತೆಗೆದ ತೊಟ್ಟಿಯ ನೀರಿನಲ್ಲೇ ಎರಡು ಸಲ ಹಿಂಡಿ, ಸಾಕು. ನಲ್ಲಿಯಡಿ ತೊಳೆದರೆ ಆರು ವಾರ ಸಾಕಿದ ಬ್ಯಾಕ್ಟೀರಿಯ ಅಲ್ಲೇ ತೀರಿಹೋಗುತ್ತದೆ. ಹಳೆಯ ನೀರನ್ನು ಶಾಲೆಯ ಗಿಡಗಳಿಗೆ ಹಾಕಿ, ಹಳ್ಳಕ್ಕೆ ಹೋಗುವ ಚರಂಡಿಗೆ ಬೇಡ.

ಕರೆಂಟ್ ನಾಲ್ಕಾರು ಗಂಟೆ ಹೋದರೆ ಲೋಟದಲ್ಲಿ ನೀರೆತ್ತಿ ಅರ್ಧ ಅಡಿ ಮೇಲಿನಿಂದ ಸುರಿಯುತ್ತಿದ್ದರೆ ಗಾಳಿ ಸೇರುತ್ತದೆ. ಒಂದು ವಾರದ ರಜೆಗೆ ದೊಡ್ಡ ಮೀನು ಊಟವಿಲ್ಲದೆ ತಡೆದುಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಶಾಲೆಗೆ ಬಂದು ಹೋಗುವವರಿಗೆ ದಿನ ಬಿಟ್ಟು ದಿನದ ಲೆಕ್ಕದಲ್ಲಿ ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿಕೊಡಿ, ಇಡೀ ಡಬ್ಬಿ ಕೊಡಬೇಡಿ. ಬೇಸಿಗೆ ರಜೆಯಲ್ಲಿ ತೊಟ್ಟಿ ನನ್ನ ಮನೆಗೆ ಬರುತ್ತದೆ. ಯಾರೂ ನೋಡಿಕೊಳ್ಳುವವರಿಲ್ಲ ಎಂದಾದರೆ ಆ ವರ್ಷ ತೊಟ್ಟಿ ಇಡದಿರುವುದೇ ಸರಿ. ರಜೆ ಬಂತೆಂದು ಹಳ್ಳಕ್ಕೆ ಬಿಡುವಂತಿಲ್ಲ. ಅದೇ ಹಳ್ಳದ ಮೀನಾದರೂ ಸರಿ, ತೊಟ್ಟಿಯಲ್ಲಿ ಅಂಟಿದ ರೋಗ ಅದರ ಜೊತೆ ಹೋಗುತ್ತದೆ. ಹಾಗೆ ತಂದು ಬಿಟ್ಟ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ನಮ್ಮ ಎಷ್ಟೋ ಕೆರೆಗಳಲ್ಲಿ ತಳ ಕೆರೆಯುತ್ತಿದೆ.

ದಾರದಲ್ಲಿ ಮೊಟ್ಟೆ

ಪ್ಯಾಂಚಾಕ್ಸ್ ನನಗೆ ಇಷ್ಟವಾಗಲು ನಿಜವಾದ ಕಾರಣ ಇದು. ಕಡುಹಸಿರು ಬಣ್ಣದ ಉಲ್ಲನ್ ದಾರವನ್ನು ಒಂದು ಗೇಣು ಉದ್ದದ ಮೂವತ್ತು ಎಳೆಗಳಾಗಿ ಕತ್ತರಿಸಿ. ಕುದಿಸಿ, ಬಣ್ಣ ಬಿಡದ ತನಕ ತೊಳೆಯಿರಿ. ಒಂದು ಬಿರಡೆಗೆ ಕಟ್ಟಿ ತೇಲಬಿಡಿ, ದಾರ ಕೆಳಗೆ ಬೇರಿನಂತೆ ಜೋತಾಡಲಿ. ಚೆನ್ನಾಗಿ ತಿಂದುಂಡ ಜೋಡಿ ಅದರೊಳಗೆ ನುಗ್ಗಿ ಮೈಗೆ ಮೈ ತಾಗಿಸಿ ನಡುಗಿ, ದಿನಕ್ಕೆ ಕೆಲವೇ ಮೊಟ್ಟೆ ಅಂಟಿಸುತ್ತದೆ.

ದಾರ ಎತ್ತಿ ಹಿಂಡಿ, ಕಿಟಕಿಯ ಬೆಳಕಿಗೆ ಹಿಡಿದು ಎಳೆ ಎಳೆ ಬಿಡಿಸಿ. ಸಾಬಕ್ಕಿಯ ಕಾಳನ್ನು ಬೇಯಿಸಿ ಚಿಕ್ಕದು ಮಾಡಿದ ಹಾಗೆ, ಎರಡು ಮಿಲಿಮೀಟರಿನ, ಪಾರದರ್ಶಕ ಮೊಟ್ಟೆ. ಬೆರಳಲ್ಲಿ ಮೆಲ್ಲಗೆ ಎತ್ತಿದರೆ ಒಡೆಯುವುದಿಲ್ಲ, ಜೊತೆಯಲ್ಲಿ ಕೂದಲಿಗಿಂತ ತೆಳುವಾದ ಅಂಟುನೂಲು ಎಳೆದುಕೊಂಡು ಬರುತ್ತದೆ. ತೊಟ್ಟಿಯ ನೀರೇ ತುಂಬಿದ ಗಾಜಿನ ತಟ್ಟೆಗೆ ಹಾಕಿ, ನೇರ ಬಿಸಿಲಿಲ್ಲದ ಕಡೆ ಇಡಿ. ಬಿಳಿಚಿಕೊಂಡದ್ದನ್ನು ದಿನವೂ ಡ್ರಾಪರಿನಲ್ಲಿ ತೆಗೆಯಿರಿ, ಇಲ್ಲದಿದ್ದರೆ ಬೂಸಲು ಪಕ್ಕದ್ದಕ್ಕೂ ಹಬ್ಬುತ್ತದೆ.

ಶಾಲೆಯ ಸೂಕ್ಷ್ಮದರ್ಶಕದ ಕಡಿಮೆ ಶಕ್ತಿಯ ಮಸೂರ ಸಾಕು. ಮೊದಲು ಹಳದಿಯ ಮೇಲೆ ಒಂದು ಗೆರೆ ಕಾಣುತ್ತದೆ. ಆಮೇಲೆ ಆ ಗೆರೆಯ ತುದಿಯಲ್ಲಿ ಮಿಡಿತ. ಐದಾರು ದಿನಕ್ಕೆ ಬರಿಗಣ್ಣಿಗೇ ಎರಡು ಕಪ್ಪು ಚುಕ್ಕೆ ಕಾಣುತ್ತವೆ. ಒಂದು ವರ್ಷ ಹಿಂದಿನ ಬೆಂಚಿನ, ತರಗತಿಯಲ್ಲಿ ಬಾಯೇ ಬಿಡದ ಹುಡುಗನೊಬ್ಬ ಮಸೂರಕ್ಕೆ ಕಣ್ಣಿಟ್ಟವನು ಎದ್ದೇಳಲೇ ಇಲ್ಲ. ಹಿಂದಿದ್ದವರು ತಳ್ಳಿದರೂ ಏಳಲಿಲ್ಲ. "ಸಾರ್, ರಕ್ತ ಓಡ್ತಾ ಇದೆ, ಒಂದೊಂದೇ ಕಾಳು ಕಾಳಾಗಿ ಓಡ್ತಾ ಇದೆ" ಎಂದ. ಆಮೇಲೆ, "ನಮ್ಮೊಳಗೂ ಹೀಗೇನಾ?" ಎಂದು ಕೇಳಿದ. ರಕ್ತಪರಿಚಲನೆಯ ಪಾಠ ಆ ವರ್ಷ ಆ ಬೆಂಚಿನಿಂದಲೇ ಶುರುವಾಯಿತು.

25 ಡಿಗ್ರಿಯ ಆಸುಪಾಸಿನಲ್ಲಿ ಹನ್ನೆರಡರಿಂದ ಹದಿನಾಲ್ಕು ದಿನಕ್ಕೆ ಒಡೆದು ಮರಿ ಬರುತ್ತದೆ, ಬಂದ ಕೂಡಲೇ ಮೇಲ್ಮೈಗೆ ಏರಿ ನಿಲ್ಲುತ್ತದೆ. ಅದನ್ನು ದೊಡ್ಡವರ ತೊಟ್ಟಿಗೆ ಬಿಟ್ಟರೆ ಒಂದೇ ತುತ್ತು. ಬೇರೆ ಟಬ್ಬಿನಲ್ಲಿ, ತುಸು ಹೈಡ್ರಿಲ್ಲಾ ಹಾಕಿ ಸಾಕಿ. ಮೊದಲ ವಾರ ಒಣಹುಲ್ಲು ನೆನೆಸಿದ ನೀರಿನ ಸೂಕ್ಷ್ಮಜೀವಿಗಳು, ಆಮೇಲೆ ನೀರು ಚಿಗಟದ ಮರಿ. ಎರಡು ವಾರವಾಗುತ್ತಲೇ ದೊಡ್ಡವು ಚಿಕ್ಕವನ್ನು ತಿನ್ನತೊಡಗುತ್ತವೆ, ಗಾತ್ರ ನೋಡಿ ಬೇರೆ ಬೇರೆ ಮಾಡಿ. ಮರಿಗಳ ಟಬ್ಬಿನಲ್ಲಿ ನೀರು ಬದಲಿಸುವುದು ಚಮಚದ ಲೆಕ್ಕದಲ್ಲಿ, ಆದರೆ ದಿನವೂ.

ಒಂದು ಜೋಡಿಯಿಂದಲೇ ವರ್ಷಕ್ಕೆ ನಮಗೆ ಬೇಕಾದುದಕ್ಕಿಂತ ಹೆಚ್ಚು ಮರಿ ಏಳುತ್ತದೆ. ಬೇಡದಾಗ ಬಿರಡೆ ದಾರವನ್ನು ತೆಗೆದಿಟ್ಟರೆ ಸರಿ, ಹೈಡ್ರಿಲ್ಲಾದ ಮೇಲೆ ಇಟ್ಟ ಮೊಟ್ಟೆ, ಹುಟ್ಟಿದ ಮರಿಯನ್ನು ದೊಡ್ಡವೇ ತಿಂದುಬಿಡುತ್ತವೆ. ಬೆಳೆದ ಮರಿಗಳನ್ನು ಇದೇ ಹೊಳೆಯ ಸೀಮೆಯ ಬೇರೆ ಶಾಲೆಗಳಿಗೆ ಕೊಡುತ್ತೇವೆ, ಅವರು ಹಳ್ಳಕ್ಕೆ ಬಲೆ ಇಳಿಸುವ ಅಗತ್ಯವೇ ಇರುವುದಿಲ್ಲ. ಕೊಡುವ ಮೊದಲು ನಮ್ಮ ತರಗತಿಯ ಇಬ್ಬರು ಕಿಟ್ ಹಿಡಿದುಕೊಂಡು ಆ ಶಾಲೆಗೆ ಹೋಗಿ ಬಣ್ಣ ನೋಡಿಕೊಂಡು ಬರುತ್ತಾರೆ. ಸೊನ್ನೆ ಬಂದಿಲ್ಲವಾದರೆ ಆ ದಿನ ಮರಿ ಕೊಡುವುದಿಲ್ಲ. ನಮ್ಮ ಫಿಲ್ಟರಿನಿಂದ ಅಂಗೈಯಗಲ ಸ್ಪಂಜು ಕತ್ತರಿಸಿ, ತೊಟ್ಟಿಯ ನೀರು ತುಂಬಿದ ಡಬ್ಬಿಯಲ್ಲಿ ಕೊಟ್ಟು, ಎರಡು ವಾರ ಬಿಟ್ಟು ಮತ್ತೆ ಬರುತ್ತೇವೆ ಎಂದು ಹೇಳಿ ಬರುತ್ತಾರೆ.